ವಿಶ್ರಾಂತಿ ಯಾರ ಸೊತ್ತು?



ರೋಮಿನಲ್ಲಿ ಓದುವ ಗುರುಮಠದ ತರುಣನೊಬ್ಬ ಪರೀಕ್ಷೆ ಮುಗಿಸಿ, ಬೆಟ್ಟದ ನಡುವಿನ ಒಂದು ಚಿಕ್ಕ ಊರಿಗೆ ಹೋಗಿ, ನಾಲ್ಕು ದಿನ ಮೌನವಾಗಿದ್ದು, ಪ್ರಾರ್ಥಿಸಿ, ಚೆನ್ನಾಗಿ ನಿದ್ದೆ ಮಾಡಿ ಬಂದ ಎಂಬ ಸುದ್ದಿ ಬಂದರೆ ನಮ್ಮ ಲೈನ್‌ಗಳಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ.

ಒಂದು: "ನಾವು ಮಳೆಯಲ್ಲಿ ನೆನೆದು ಎಲೆ ಕೀಳುವುದು, ಭಾನುವಾರ ಕಾಣಿಕೆ ಹಾಕುವುದು. ಅವರು ಇಟಲಿ ಸುತ್ತುವುದು." ಇನ್ನೊಂದು: "ಅದು ದೇವರ ಕರೆ ಬಂದವರ ಭಾಗ್ಯ. ಅವರಿಗೆ ಏಕಾಂತ ಬೇಕು. ನಮ್ಮಂಥ ಕೂಲಿಯವರಿಗೆ ಅದೆಲ್ಲ ಯಾಕಪ್ಪಾ?"

ಮೊದಲನೆಯದು ಹೊಟ್ಟೆಕಿಚ್ಚಿನ ಮಾತು. ಎರಡನೆಯದು ಗುಲಾಮಗಿರಿಯ ಮಾತು. ಎರಡೂ ತಪ್ಪು ಎನ್ನುವುದಕ್ಕೇ ಈ ಲೇಖನ ಬರೆದಿದ್ದೇನೆ. ಆ ತರುಣ ವಿಶ್ರಾಂತಿ ತೆಗೆದುಕೊಂಡದ್ದು ತಪ್ಪಲ್ಲ. ಆದರೆ ಅದು ಅವನೊಬ್ಬನ ಸೊತ್ತು ಎಂದು ಅವನೂ ತಿಳಿದುಕೊಂಡರೆ, ನಾವೂ ಒಪ್ಪಿಕೊಂಡರೆ, ಅದು ತಪ್ಪು.

ಫರೋಹನ ಮಾತನ್ನು ನಾವು ಆಡಬಾರದು

ವಿಮೋಚನಕಾಂಡದ ಐದನೆಯ ಅಧ್ಯಾಯ ತೆರೆದು ನೋಡಿ. ಇಟ್ಟಿಗೆ ಮಾಡುತ್ತಿದ್ದ ಜನ ಮೋಶೆಯ ಮೂಲಕ ಫರೋಹನನ್ನು ಕೇಳಿದ್ದೇನು? ಮೊದಲು ಜಮೀನು ಕೇಳಲಿಲ್ಲ, ಹಣ ಕೇಳಲಿಲ್ಲ. ಮೂರು ದಿನದ ದಾರಿ ಅರಣ್ಯಕ್ಕೆ ಹೋಗಿ ದೇವರನ್ನು ಆರಾಧಿಸಿ ಬರುತ್ತೇವೆ ಎಂದರು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಅವರು ಕೇಳಿದ್ದು ಒಂದು ಧ್ಯಾನಕೂಟಕ್ಕೆ ರಜೆ. ಫರೋಹ ಏನೆಂದ? ಇವರು ಮೈಗಳ್ಳರು, ಕೆಲಸ ಕಡಿಮೆಯಾದ್ದರಿಂದಲೇ ಇವರಿಗೆ ಪೂಜೆಯ ನೆನಪಾಗಿದೆ ಎಂದ. ಹುಲ್ಲು ಕೊಡುವುದನ್ನು ನಿಲ್ಲಿಸಿದ. ಇಟ್ಟಿಗೆಯ ಲೆಕ್ಕ ಮಾತ್ರ ಇಳಿಸಲಿಲ್ಲ.

ಆದ್ದರಿಂದ ಧ್ಯಾನಕ್ಕೆ ಹೋದವನನ್ನು ಮೈಗಳ್ಳ ಎಂದು ಕರೆಯುವಾಗ ಸ್ವಲ್ಪ ಎಚ್ಚರವಿರಲಿ. ಅದು ಫರೋಹನ ಬಾಯಿಂದ ಮೊದಲು ಬಂದ ಮಾತು. ನಮ್ಮ ಬೆನ್ನಿನ ಮೇಲೆ ಬಿದ್ದ ಕೋಲನ್ನೇ ಎತ್ತಿಕೊಂಡು ಇನ್ನೊಬ್ಬನಿಗೆ ಹೊಡೆಯುವುದು ದುಡಿಯುವವರ ಲಕ್ಷಣವಲ್ಲ.

ನಮ್ಮ ಸ್ವಾಮಿ ಯೇಸುವೇ ಶಿಷ್ಯರನ್ನು ಏಕಾಂತಕ್ಕೆ ಕರೆದ. ಹೋಗಿಬರುವ ಜನರ ಗದ್ದಲದಲ್ಲಿ ಊಟ ಮಾಡುವುದಕ್ಕೂ ಸಮಯವಿಲ್ಲದ ಆ ಬೆಸ್ತರಿಗೆ ಸ್ವಲ್ಪ ದಣಿವಾರಿಸಿಕೊಳ್ಳಿ ಎಂದ. ಮಾರ್ಕನ ಆರನೆಯ ಅಧ್ಯಾಯದಲ್ಲಿ ಇದೆ. ಯಾರಿಗೆ ಹೇಳಿದ ಎನ್ನುವುದನ್ನು ಗಮನಿಸಿ: ಬಲೆ ಎಳೆದು ಅಂಗೈ ಒರಟಾದವರಿಗೆ.

ತಿರುಸಭೆಯ 1983ರ ಕಾನೂನು ಸಂಹಿತೆಯೂ ಇದನ್ನು ದಯೆಗೆ ಬಿಟ್ಟಿಲ್ಲ. ಗುರುಮಠದ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಧ್ಯಾನಕೂಟ ಮಾಡಲೇಬೇಕು ಎನ್ನುತ್ತದೆ 246ನೆಯ ವಿಧಿ. ಗುರುಗಳಿಗೆ ವರ್ಷಕ್ಕೊಮ್ಮೆ ತಕ್ಕ ರಜೆಯ ಹಕ್ಕಿದೆ ಎನ್ನುತ್ತದೆ 283ನೆಯ ವಿಧಿ. ಒಳ್ಳೆಯದು. ಅದೇ ಪುಸ್ತಕದ ಪುಟ ತಿರುವಿದರೆ 1286ನೆಯ ವಿಧಿ ಸಿಗುತ್ತದೆ. ಸಭೆಯ ಆಸ್ತಿ ನೋಡಿಕೊಳ್ಳುವವರು ಕೆಲಸಕ್ಕೆ ಜನರನ್ನಿಟ್ಟುಕೊಂಡರೆ ದೇಶದ ಕಾರ್ಮಿಕ ಕಾನೂನನ್ನು ಚಾಚೂ ತಪ್ಪದೆ ಪಾಲಿಸಬೇಕು, ಅವರ ಸಂಸಾರ ನಡೆಯುವಷ್ಟು ನ್ಯಾಯವಾದ ಕೂಲಿ ಕೊಡಬೇಕು ಎಂದು ಅದರ ಅರ್ಥ. 283 ಗೊತ್ತಿರುವವರಿಗೆ 1286 ಯಾಕೆ ನೆನಪಿರುವುದಿಲ್ಲ? ನನ್ನ ಜಗಳ ಇಲ್ಲಿದೆ.

ಒಂದೇ ಕಣಿವೆ, ಎರಡು ಬಗೆಯ ವಿಶ್ರಾಂತಿ

ಇಟಲಿಯ ಚಿಕ್ಕ ಊರು ಎಂದೆನಲ್ಲ, ಸುಬಿಯಾಕೊ ಎಂಬ ಊರನ್ನೇ ತೆಗೆದುಕೊಳ್ಳೋಣ. ರೋಮಿನಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರು. ಅನಿಯೆನೆ ಎಂಬ ಹೊಳೆ ಬೆಟ್ಟಗಳ ನಡುವೆ ಇಳಿಯುವ ಜಾಗ. ಬಂಡೆಗೆ ಅಂಟಿಕೊಂಡಂತೆ ಸಂತ ಬೆನೆಡಿಕ್ಟರ ಗವಿಯ ಮಠ. ಅದರ ಕೆಳಗೆ ಅವರ ತಂಗಿಯ ಹೆಸರಿನ ಸಂತ ಸ್ಕೊಲಾಸ್ಟಿಕಾ ಮಠ. ಅಲ್ಲಿ ಯಾತ್ರಿಕರಿಗೆ ಉಳಿದುಕೊಳ್ಳಲು ಅತಿಥಿಗೃಹವೂ ಇದೆ. ರೋಮಿನಲ್ಲಿ ಓದುವವರು ಧ್ಯಾನಕ್ಕೆಂದು ಇಲ್ಲಿಗೆ ಹೋಗುತ್ತಾರೆ.

ಆದರೆ ಈ ಕಣಿವೆಗೆ ವಿಶ್ರಾಂತಿಗೆ ಬಂದವರಲ್ಲಿ ಸಂತ ಬೆನೆಡಿಕ್ಟರೇ ಮೊದಲಿಗರಲ್ಲ. ಅವರಿಗಿಂತ 400 ವರ್ಷ ಮುಂಚೆ ನೀರೋ ಚಕ್ರವರ್ತಿ ಇಲ್ಲಿ ತನಗೊಂದು ಅರಮನೆ ಕಟ್ಟಿಸಿದ. ಹೊಳೆಗೆ ಅಡ್ಡಗಟ್ಟೆ ಹಾಕಿಸಿ ಮೂರು ಕೆರೆ ಮಾಡಿಸಿದ. ಕೆರೆಗಳ ಕೆಳಗಿನ ಊರು ಎಂಬ ಅರ್ಥದಿಂದಲೇ ಸುಬಿಯಾಕೊ ಎಂಬ ಹೆಸರು ಬಂತು. ದೊಡ್ಡ ಕಟ್ಟೆ ಸುಮಾರು 40 ಮೀಟರು ಎತ್ತರವಿತ್ತು. 1305ರಲ್ಲಿ ಅದು ಒಡೆದುಹೋಯಿತು. ಅರಮನೆಯ ಮುರುಕು ಗೋಡೆ ಈಗಲೂ ಹೊಳೆಯ ಪಕ್ಕ ಇವೆ.

ಅಷ್ಟು ಎತ್ತರದ ಕಟ್ಟೆಯನ್ನು ನೀರೋ ಕಟ್ಟಿದನೇ? ಕಲ್ಲು ಹೊತ್ತವರು ಯಾರು? ರೋಮಿನ ಅರಸರ ಇಂಥ ಸುಖದ ಹಿಂದೆ ಗುಲಾಮರ ಬೆನ್ನು ಇತ್ತು. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಒಬ್ಬನ ತಂಪಿಗಾಗಿ ನೂರಾರು ಜನರ ಬೆವರು: ಇದು ಮೊದಲನೆಯ ಬಗೆಯ ವಿಶ್ರಾಂತಿ. ಇದಕ್ಕೆ ನೀರೋನ ವಿಶ್ರಾಂತಿ ಎಂದು ಹೆಸರಿಡೋಣ.

ಐದನೆಯ ಶತಮಾನದ ಕೊನೆಯ ಹೊತ್ತಿಗೆ ಅದೇ ಕಣಿವೆಗೆ ಇನ್ನೊಬ್ಬ ಬಂದ. ನೂರ್ಸಿಯಾ ಊರಿನ ಅನುಕೂಲಸ್ಥರ ಮನೆಯ ಹುಡುಗ ಬೆನೆಡಿಕ್ಟ. ಇವನೂ ರೋಮಿಗೆ ಓದಲು ಹೋದವನೇ. ಅಲ್ಲಿನ ದುರ್ನಡತೆ ಕಂಡು ಓದು ಬಿಟ್ಟು ಹೊರಟು ಈ ಬಂಡೆಯ ಗವಿಯಲ್ಲಿ ಮೂರು ವರ್ಷ ಒಬ್ಬನೇ ಇದ್ದ. ರೊಮಾನುಸ್ ಎಂಬ ಮಠವಾಸಿ ತನ್ನ ಪಾಲಿನ ರೊಟ್ಟಿಯಲ್ಲಿ ಉಳಿಸಿ, ಹಗ್ಗಕ್ಕೆ ಗಂಟೆ ಕಟ್ಟಿ ಮೇಲಿನಿಂದ ಇಳಿಬಿಡುತ್ತಿದ್ದ. ಒಬ್ಬ ಬಡ ಮಠವಾಸಿ ತನ್ನ ಹೊಟ್ಟೆ ಕಟ್ಟಿ ಕೊಟ್ಟ ರೊಟ್ಟಿ ಅದು. ಈ ಕತೆಗಳನ್ನು ಸುಮಾರು 593ರಲ್ಲಿ ಪೋಪ್ ಮಹಾ ಗ್ರೆಗೋರಿಯವರು ಬರೆದಿಟ್ಟರು.

ಅವರು ಇನ್ನೊಂದು ಸಂಗತಿ ಹೇಳುತ್ತಾರೆ. ದೂರದ ಊರಿನ ಪಾದ್ರಿಯೊಬ್ಬರು ಪಾಸ್ಕ ಹಬ್ಬಕ್ಕೆ ಊಟ ಸಿದ್ಧಮಾಡಿಕೊಂಡು ಕೂತಿದ್ದರಂತೆ. ನೀನು ಹಬ್ಬದಡಿಗೆ ಮಾಡಿಕೊಂಡಿದ್ದೀಯೆ, ನನ್ನ ದಾಸ ಅಲ್ಲಿ ಹಸಿದಿದ್ದಾನೆ ಎಂದು ಪ್ರಭು ಅವರಿಗೆ ತಿಳಿಸಿದರಂತೆ. ಆ ಪಾದ್ರಿ ಊಟವನ್ನು ಹೊತ್ತುಕೊಂಡು ಬೆಟ್ಟ, ಕಣಿವೆ ಹುಡುಕಾಡಿ ಗವಿಗೆ ಹೋಗಿ, ಇಬ್ಬರೂ ಕೂಡಿ ಉಂಡರು. ಗುರುಗಳ ತಟ್ಟೆ ತುಂಬಿದ್ದು ಪಾಪ ಎಂದು ಅಲ್ಲಿ ಹೇಳಿಲ್ಲ. ಹಸಿದವನನ್ನು ಹುಡುಕಿಕೊಂಡು ಹೋಗು ಎಂದು ಹೇಳಿದೆ.

ಆಮೇಲೆ ಬೆನೆಡಿಕ್ಟರನ್ನು ಕಂಡವರು ಕುರಿ ಕಾಯುವವರು. ಪೊದೆಯ ನಡುವೆ ಚರ್ಮ ಹೊದ್ದವನನ್ನು ನೋಡಿ ಮೊದಲು ಯಾವುದೋ ಮೃಗ ಎಂದುಕೊಂಡರಂತೆ. ಅಲ್ಲಿಂದ ಮುಂದೆ ಜನ ಬರತೊಡಗಿದರು. ಆ ಕಣಿವೆಯಲ್ಲಿ 12 ಚಿಕ್ಕ ಮಠಗಳು, ಮಠಕ್ಕೆ ಹನ್ನೆರಡು ಜನ. ಒಬ್ಬ ತರುಣನ ಏಕಾಂತ ಕೊನೆಗೆ ನೂರಾರು ಜನರ ಬಾಳಾಯಿತು. ಇದು ಎರಡನೆಯ ಬಗೆಯ ವಿಶ್ರಾಂತಿ. ಬೇರೆಯವರ ಬೆನ್ನಿನ ಮೇಲೆ ನಿಂತದ್ದಲ್ಲ, ಬೇರೆಯವರತ್ತ ತಿರುಗಿ ಬಂದದ್ದು.

ಕೆರೆಗೆ ಬಿದ್ದ ಕತ್ತಿ

ಗವಿಯ ಚೆಲುವು, ಗೋಡೆಯ ಚಿತ್ರ ನೋಡಿ ಬರುವವರು ಬಹಳ. ಅಲ್ಲಿ ನಡೆದ ಒಂದು ಸಂಗತಿ ಮಾತ್ರ ನಮ್ಮಂಥವರಿಗೆ ಬೇಗ ಅರ್ಥವಾಗುತ್ತದೆ.

ಗಾಥ್ ಜನಾಂಗದ ಒಬ್ಬ ಬಡವ ಮಠಕ್ಕೆ ಸೇರಿದ್ದ. ಅಕ್ಷರ, ನಯ ತಿಳಿಯದವನು. ಕೆರೆಯ ಅಂಚಿನಲ್ಲಿ ಮುಳ್ಳುಪೊದೆ ಕಡಿದು ತೋಟಕ್ಕೆ ಜಾಗ ಮಾಡು ಎಂದು ಬೆನೆಡಿಕ್ಟರು ಅವನ ಕೈಗೆ ಕತ್ತಿ ಕೊಟ್ಟರು. ಅವನು ಮೈಮೇಲೆ ಎಚ್ಚರವಿಲ್ಲದಂತೆ ಕಡಿಯುತ್ತಿದ್ದಾಗ ಕತ್ತಿಯ ಅಲಗು ಹಿಡಿಯಿಂದ ಕಳಚಿ ಆಳದ ನೀರಿಗೆ ಬಿತ್ತು. ಆ ಕೆರೆ ಯಾವುದು? ನೀರೋ ತನ್ನ ಸುಖಕ್ಕೆ ಮಾಡಿಸಿದ್ದ ಕೆರೆ!

ಸಾಮಾನು ಕಳೆದ ಕೂಲಿಯವನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಮೇಸ್ತ್ರಿ ಏನೆನ್ನುತ್ತಾನೆ, ರೈಟರ್ ಎಷ್ಟು ಹಿಡಿಯುತ್ತಾನೆ, ಈ ವಾರದ ಅಕ್ಕಿಗೆ ಏನು ಮಾಡುವುದು? ಆ ಗಾಥನೂ ನಡುಗುತ್ತ ಹೋಗಿ ಮೌರುಸ್ ಎಂಬ ಮಠವಾಸಿಗೆ ತಪ್ಪೊಪ್ಪಿಕೊಂಡ. ಬೆನೆಡಿಕ್ಟರು ಬೈಯಲಿಲ್ಲ. ತಾವೇ ಎದ್ದು ಕೆರೆಯ ಬಳಿಗೆ ಹೋಗಿ, ಮರದ ಹಿಡಿಯನ್ನು ನೀರಿಗೆ ಹಿಡಿದರು. ಅಲಗು ಮೇಲೆದ್ದು ಬಂದು ಹಿಡಿಗೆ ಸೇರಿಕೊಂಡಿತು ಎಂದು ಗ್ರೆಗೋರಿಯವರು ಬರೆಯುತ್ತಾರೆ. ಕತ್ತಿಯನ್ನು ಅವನ ಕೈಗೇ ತಿರುಗಿ ಕೊಟ್ಟು, ದುಃಖಪಡಬೇಡ, ಕೆಲಸ ಮುಂದುವರಿಸು ಎಂದು ಸಮಾಧಾನ ಹೇಳಿದರು.

ಪವಾಡದ ಮಾತು ಹಾಗಿರಲಿ. ಮೇಲಿನವನು ಕೆಳಗಿನವನ ಬಳಿ ನಡೆದುಹೋದದ್ದನ್ನು ನೋಡಿ. ದಂಡ ಹಾಕಲಿಲ್ಲ, ಹಾಜರಿ ಕತ್ತರಿಸಲಿಲ್ಲ. ಕೆಲಸಕ್ಕಿಂತ ಮೊದಲು ಅವನ ಮನಸ್ಸನ್ನು ಹಗುರಮಾಡಿದರು. ಮನಸ್ಸಿಗೆ ಸಿಕ್ಕ ಆ ನೆಮ್ಮದಿಯೂ ವಿಶ್ರಾಂತಿಯೇ.

ನಿಯಮದಲ್ಲಿ ಬರೆದದ್ದು

ಮುಂದೆ ಮೊಂತೆ ಕಸ್ಸಿನೊ ಬೆಟ್ಟಕ್ಕೆ ಹೋದ ಮೇಲೆ ಬೆನೆಡಿಕ್ಟರು 73 ಅಧ್ಯಾಯಗಳ ಒಂದು ನಿಯಮ ಬರೆದರು. ದೊಡ್ಡವರು ಅದರ ಮೌನದ ಅಧ್ಯಾಯವನ್ನು ಬಹಳ ಹೊಗಳುತ್ತಾರೆ. ಕೆಲಸದ ಅಧ್ಯಾಯಗಳನ್ನು ನಾವು ಓದೋಣ.

48ನೆಯ ಅಧ್ಯಾಯ ಪ್ರತಿದಿನದ ಕೈಗೆಲಸದ ಬಗ್ಗೆ. ಬೇಸಿಗೆಯಲ್ಲಿ ಬೆಳಗ್ಗೆ ಕೆಲಸ, ಆಮೇಲೆ ಓದು, ಮಧ್ಯಾಹ್ನ ಊಟವಾದ ಮೇಲೆ ಹಾಸಿಗೆಯಲ್ಲಿ ವಿಶ್ರಾಂತಿ, ಆಮೇಲೆ ಮತ್ತೆ ಕೆಲಸ. ವಿಶ್ರಾಂತಿ ದೊಡ್ಡವನ ಉದಾರತನವಲ್ಲ. ಗಂಟೆ ಹೊಡೆದು ಕೊಡುವ ಪಾಲು. ಬಡತನದಿಂದ ಮಠವಾಸಿಗಳೇ ಬೆಳೆ ಕೊಯ್ಯಬೇಕಾಗಿ ಬಂದರೆ ಬೇಸರ ಪಡಬಾರದು, ಕೈದುಡಿಮೆಯಿಂದ ಬಾಳುವಾಗಲೇ ಅವರು ನಿಜವಾದ ಮಠವಾಸಿಗಳು ಎಂಬ ಅರ್ಥದ ಮಾತೂ ಅಲ್ಲಿದೆ. ದುರ್ಬಲರಿಗೆ, ರೋಗಿಗಳಿಗೆ ಅವರನ್ನು ಜಜ್ಜಿಹಾಕದಂಥ ಕೆಲಸ ಕೊಡಬೇಕು ಎನ್ನುತ್ತದೆ.

35ನೆಯ ಅಧ್ಯಾಯ ಅಡುಗೆಮನೆಯದು. ಎಲ್ಲರೂ ಸರದಿಯ ಮೇಲೆ ಅಡುಗೆ, ಬಡಿಸುವ ಕೆಲಸ ಮಾಡಬೇಕು. ಕಾಯಿಲೆಯವರೂ ಮಠದ ಮುಖ್ಯ ಹೊಣೆ ಹೊತ್ತವರೂ ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ. ಬಡಿಸುವವರು ಗೊಣಗದೆ ಸೇವೆ ಮಾಡಲಿ ಎಂದು ಅವರಿಗೆ ಊಟದ ಹೊತ್ತಿಗೆ ಮೊದಲೇ ಸ್ವಲ್ಪ ಹೆಚ್ಚಿನ ರೊಟ್ಟಿ, ಪಾನ ಕೊಡಬೇಕು. ಬಡಿಸುವವನಿಗೂ ಹೊಟ್ಟೆ ಇದೆ ಎಂದು 1500 ವರ್ಷದ ಹಿಂದೆ ಬರೆದಿಟ್ಟ ಮಹಾನುಭಾವ! ಎರಡನೆಯ ಅಧ್ಯಾಯದಲ್ಲಿ, ಗುಲಾಮನಾಗಿದ್ದು ಮಠಕ್ಕೆ ಬಂದವನಿಗಿಂತ ಸ್ವತಂತ್ರ ಮನೆತನದಲ್ಲಿ ಹುಟ್ಟಿದವನನ್ನು ಮೇಲೆ ಕೂರಿಸಬೇಡ ಎಂದು ಮಠಾಧಿಪತಿಗೆ ಎಚ್ಚರಿಕೆ. 64ನೆಯದರಲ್ಲಿ ಯಾಕೋಬನ ಉದಾಹರಣೆ: ಮಂದೆಯನ್ನು ಹೆಚ್ಚು ಓಡಿಸಿದರೆ ಒಂದೇ ದಿನದಲ್ಲಿ ಎಲ್ಲವೂ ಸಾಯುತ್ತವೆ.

ಈ ನಿಯಮವನ್ನು ಮಠದವರೇ ಯಾವಾಗಲೂ ನಡೆಸಿದರೇ? ಇಲ್ಲ. 1456ರಿಂದ ಸುಬಿಯಾಕೊ ಮಠದ ಮೇಲೆ ಹೊರಗಿನ ಕಾರ್ಡಿನಲರನ್ನು ಮಠಾಧಿಪತಿ ಎಂದು ನೇಮಿಸುವ ಪದ್ಧತಿ ಬಂತು. ಅವರು ಮಠವಾಸಿಗಳಲ್ಲ, ಆದರೆ ಉತ್ಪನ್ನ ಅವರಿಗೆ. ದೂರದಲ್ಲಿ ಕೂತು ಲಾಭ ಎಣಿಸುವ ಮಾಲೀಕರನ್ನು ಕಂಡ ನಮಗೆ ಇದು ಹೊಸದಲ್ಲ.

ಅದೇ ಮಠದಲ್ಲಿ 1465ರಲ್ಲಿ ಸ್ವೈನ್‌ಹೈಮ್ ಮತ್ತು ಪನ್ನಾರ್ಟ್ಸ್ ಎಂಬ ಇಬ್ಬರು ಜರ್ಮನರು ಇಟಲಿಯಲ್ಲೇ ಮೊದಲ ಪುಸ್ತಕಗಳನ್ನು ಅಚ್ಚುಹಾಕಿದರು. 1467ರಲ್ಲಿ ರೋಮಿಗೆ ಹೋದರು. 1472ರಲ್ಲಿ ಅವರ ಪರವಾಗಿ ಪೋಪರಿಗೆ ಒಂದು ಮನವಿ ಹೋಯಿತು: ಮನೆ ತುಂಬ ಮಾರಾಟವಾಗದ ಹಾಳೆ, ಉಣ್ಣಲು ಏನೂ ಇಲ್ಲ ಎಂದು ಅದರ ತಿರುಳು. ಪವಿತ್ರ ಗ್ರಂಥಗಳನ್ನು ಅಚ್ಚುಹಾಕಿದ ಕೈಗಳೂ ಹಸಿದಿದ್ದವು. ಶಾಂತವಾದ ಆ ಊರಿಗೆ ಹೋಗುವ ತರುಣ ಈ ಚರಿತ್ರೆಯನ್ನೂ ಓದಿ ಬರಲಿ.

"ತೋಟ ಮಠವಲ್ಲ" ಎನ್ನುವವರಿಗೆ

ಕೆಲವರು ಕೇಳುತ್ತಾರೆ: "ಉಪದೇಶಿಗಳೇ, ತೋಟ ಮಠವಲ್ಲ. ಎಲೆ ಬಲಿತರೆ ಕಾಯುವುದಿಲ್ಲ. ಎಲ್ಲರೂ ವಿಶ್ರಾಂತಿ ಎಂದರೆ ಕಂಪನಿ ನಡೆಯುವುದು ಹೇಗೆ?"

ಹೊಲವೂ ಕಾಯುವುದಿಲ್ಲ, ಹಸುವೂ ಕಾಯುವುದಿಲ್ಲ. ಕೇರಳದ ವಾಗಮಣ್ ಬೆಟ್ಟದಲ್ಲಿ 1958ರಲ್ಲಿ ಶುರುವಾದ ಕುರಿಶುಮಲ ಆಶ್ರಮ ಬೆನೆಡಿಕ್ಟರ ಇದೇ ನಿಯಮದ ಬೇರಿನಿಂದ ಬಂದದ್ದು. ಅಲ್ಲಿನವರು ಹಸು ಸಾಕಿ ಹಾಲಿನ ಕೆಲಸ ಮಾಡುತ್ತ ಪ್ರಾರ್ಥನೆಗೂ ಹೊತ್ತು ಇಟ್ಟುಕೊಂಡರು. ದುಡಿಮೆಗೂ ಬಿಡುವಿಗೂ ವೈರವಿಲ್ಲ. ವೈರ ಇರುವುದು ಬಿಡುವಿಗೂ ದುರಾಸೆಗೂ.

ಪೋಪ್ 13ನೆಯ ಲಿಯೋ 1891ರ ವಿಶ್ವಪತ್ರದಲ್ಲಿ, ಕೆಲಸ ಎಷ್ಟು ಶಕ್ತಿ ಹೀರುತ್ತದೋ ಅದಕ್ಕೆ ತಕ್ಕಷ್ಟು ಬಿಡುವು ಇರಬೇಕು ಎಂದರು. 90 ವರ್ಷದ ಮೇಲೆ, 1981ರಲ್ಲಿ, ಪೋಪ್ ಎರಡನೆಯ ಜಾನ್ ಪಾಲ್ ಅದನ್ನು ಹಕ್ಕು ಎಂದೇ ಬರೆದರು: ಕನಿಷ್ಠ ಭಾನುವಾರದ ಬಿಡುವು, ಅದರ ಮೇಲೆ ವರ್ಷದ ರಜೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ 14ನೆಯ ಲಿಯೋ ಆ ಹೆಸರು ಹಿಡಿದದ್ದಕ್ಕೆ 1891ರ ಆ ಪತ್ರವೇ ಮುಖ್ಯ ಕಾರಣ ಎಂದಿದ್ದಾರೆ.

ನಮ್ಮ ದೇಶದ ಕಾನೂನೂ ಸುಮ್ಮನಿಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಏಳು ದಿನಕ್ಕೊಂದು ಬಿಡುವಿಗೆ ದಾರಿ ಮಾಡಿತು. ವಯಸ್ಕರು 20 ದಿನ ದುಡಿದರೆ 1 ದಿನ ಸಂಬಳದ ರಜೆ ಎಂದು ಲೆಕ್ಕ ಹಾಕಿತು. ಆ ಕಾಯಿದೆಯನ್ನು 2020ರ ಸಂಹಿತೆಯೊಳಗೆ ಸೇರಿಸಿದ್ದಾರೆ. 20ಕ್ಕೆ 1 ಎಂಬ ಲೆಕ್ಕ ಅದರಲ್ಲೂ ಇದೆ. ಇದು ದೊರೆ ಕೊಡುವ ಭಿಕ್ಷೆಯಲ್ಲ. ಹಾಜರಿ ಪುಸ್ತಕದಲ್ಲಿ ನಿಮ್ಮ ದಿನ ಎಣಿಸಿಕೊಳ್ಳಿ. ಓದು ಬಾರದವರು ಮಕ್ಕಳಿಂದ ಎಣಿಸಿ.

ಈಗ ಮೂವರಿಗೆ ಮೂರು ಮಾತು

ಗುರುಮಠದ ತಮ್ಮಂದಿರಿಗೆ: ಹೋಗಿಬನ್ನಿ. ಸಂಕೋಚ ಪಡಬೇಡಿ. ದಣಿದ ಗುರು ಜನರ ಮೇಲೆ ಸಿಡುಕುತ್ತಾನೆ. ದಣಿವಾರಿಸಿಕೊಂಡವನು ಕಿವಿಗೊಟ್ಟು ಕೇಳುತ್ತಾನೆ. ಆದರೆ ನೀವು ಮೌನದಲ್ಲಿ ಕೂತಾಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳಿದರೆ, ಅದನ್ನು ಧ್ಯಾನಕ್ಕೆ ಅಡ್ಡಿ ಎನ್ನಬೇಡಿ. ಆ ಹೆಂಗಸಿಗೆ ವಾರದ ಯಾವ ದಿನ ಬಿಡುವು ಎಂದು ಒಂದು ಮಾತು ಕೇಳಿ. ಒಂದು ದಿನ ನೀವೇ ಪಾತ್ರೆ ತೊಳೆಯಿರಿ. ಹಿಂತಿರುಗಿ ಬಂದು ಪ್ರಸಂಗ ಮಾಡುವಾಗ ಬೆಟ್ಟದ ತಂಪನ್ನು ಮಾತ್ರ ಬಣ್ಣಿಸಬೇಡಿ, ಕೆರೆಗೆ ಬಿದ್ದ ಕತ್ತಿಯ ಕತೆಯನ್ನೂ ಹೇಳಿ.

ಧರ್ಮಕೇಂದ್ರಗಳನ್ನು ನಡೆಸುವ ಹಿರಿಯರಿಗೆ: ಕೂಲಿಯವರ ಧ್ಯಾನಕೂಟವನ್ನು ಕೆಲಸದ ದಿನ ಇಟ್ಟು, ಜನ ಬರಲಿಲ್ಲ, ಭಕ್ತಿ ಕಡಿಮೆಯಾಯಿತು ಎಂದು ಗದರಿಸಬೇಡಿ. ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ರಜೆಯ ದಿನ ಇಡಿ, ಲೈನಿಗೆ ಹತ್ತಿರ ಇಡಿ, ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಿ. ಸಭೆಯ ಕಟ್ಟಡಗಳಲ್ಲಿ ಅಡುಗೆ, ಕಸ, ಕಾವಲಿನ ಕೆಲಸ ಮಾಡುವವರಿಗೆ ವಾರದ ರಜೆ, ನ್ಯಾಯವಾದ ಕೂಲಿ ಕೊಡಿ. ಮನೆಯೊಳಗಿನ ಲೆಕ್ಕ ಸರಿಯಿಲ್ಲದೆ ಕಂಪನಿಯ ಲೆಕ್ಕ ಕೇಳಲು ನಮಗೆ ಬಾಯಿ ಬರುವುದಿಲ್ಲ.

ಮೂರನೆಯ ಮಾತು ನಮಗೇ, ಮುಖ್ಯವಾಗಿ ಗಂಡಸರಿಗೆ. ಭಾನುವಾರ ನಾವು ಪೂಜೆ ಮುಗಿಸಿ ಜಗಲಿಯಲ್ಲಿ ಕಾಲು ಚಾಚುತ್ತೇವೆ. ಮನೆಯಾಕೆ? ಆರು ದಿನ ನಮ್ಮಷ್ಟೇ ಬುಟ್ಟಿ ಹೊತ್ತವಳು ಏಳನೆಯ ದಿನ ಸೌದೆ, ನೀರು, ಬಟ್ಟೆ, ಅಡುಗೆ ಎಂದು ಇನ್ನೂ ಹೆಚ್ಚು ದುಡಿಯುತ್ತಾಳೆ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಸಬ್ಬತ್ತಿನ ಕಾರಣ ಸ್ಪಷ್ಟವಾಗಿದೆ: ನಿನ್ನ ದಾಸನೂ ದಾಸಿಯೂ ನಿನ್ನ ಹಾಗೆಯೇ ದಣಿವಾರಿಸಿಕೊಳ್ಳಬೇಕು, ಯಾಕೆಂದರೆ ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ. ಎತ್ತಿಗೂ ಕತ್ತೆಗೂ ಬಿಡುವು ಬರೆದ ದೇವರು ಮನೆಯಾಕೆಯನ್ನು ಮರೆತನೇ? ಮರೆತವರು ನಾವು. ಅವಳ ದುಡಿಮೆಯ ಮೇಲೆ ನಾವು ಕಾಲು ಚಾಚಿದರೆ ನಮ್ಮ ಲೈನ್ ಮನೆಯ ಜಗಲಿಯೂ ಒಂದು ಸಣ್ಣ ನೀರೋನ ಅರಮನೆಯೇ. ಬೆನೆಡಿಕ್ಟರ ಮಠದಲ್ಲಿ ಗಂಡಸರೇ ಸರದಿಯ ಮೇಲೆ ಅಡುಗೆ ಮಾಡಿದರು. ನಮ್ಮ ಕೈಗೆ ಸೌಟು ಭಾರವೇ?

ಯೂನಿಯನ್ನು ಕೂಲಿಯ ಜೊತೆಗೆ ಬಿಡುವನ್ನೂ ಕೇಳಬೇಕು. ಹೆಚ್ಚು ಕೂಲಿಗಾಗಿ ರಜೆಯನ್ನೆಲ್ಲ ಮಾರಿಕೊಂಡರೆ ಕೈಗೆ ಕಾಸು ಬರುತ್ತದೆ, ಮೈಗೆ ಕಾಯಿಲೆ ಬರುತ್ತದೆ. ವರ್ಷಕ್ಕೊಮ್ಮೆಯಾದರೂ ಗಂಡ, ಹೆಂಡತಿ, ಮಕ್ಕಳು ಕೂಡಿ ಎಲ್ಲಿಗಾದರೂ ಹೋಗಿ, ಮೇಸ್ತ್ರಿಯ ಕೂಗು ಕೇಳದೆ ಎರಡು ದಿನ ಇದ್ದು ಬರುವಂತಾಗಬೇಕು. ಇಟಲಿಗೆ ಹೋಗಬೇಕಾಗಿಲ್ಲ. ಪಕ್ಕದ ಬೆಟ್ಟದ ಗುಡಿಗೆ ಹೋದರೂ ಸಾಕು. ಅದಕ್ಕೆ ಕೂಲಿ ಕತ್ತರಿಸದ ರಜೆ ಬೇಕು, ಬಸ್ಸಿನ ಕಾಸು ಬೇಕು.

ಆ ತರುಣನ ರಜೆಯನ್ನು ಕಿತ್ತುಕೊಳ್ಳುವುದು ನಮ್ಮ ಬೇಡಿಕೆಯಲ್ಲ. ಅವನಿಗೆ ಸಿಕ್ಕದ್ದು ನಮಗೂ ಸಿಗಬೇಕು. ಬರುವ ಸಭೆಯಲ್ಲಿ ಪ್ರತಿಯೊಂದು ಲೈನಿನಿಂದ ಇಬ್ಬರು, ಅದರಲ್ಲಿ ಒಬ್ಬಳು ಹೆಂಗಸು, ಕಳೆದ ವರ್ಷ ಎಷ್ಟು ದಿನ ದುಡಿದಿರಿ, ಎಷ್ಟು ದಿನ ರಜೆ ಸಿಕ್ಕಿತು ಎಂಬ ಲೆಕ್ಕ ಬರೆದು ತನ್ನಿ. ಅಲ್ಲಿಂದ ಮಾತು ಶುರುಮಾಡೋಣ.